ಬೆಂಡು ಮುಳುಗಿದ ಹೊತ್ತು

ಗಾಳದ ಬೆಂಡಿಗಿಂತ ಅದರ ನೆರಳೇ ದೊಡ್ಡದು, ತಳದ ಬಿಳಿಗಲ್ಲುಗಳ ಮೇಲೆ ಕಪ್ಪಗೆ, ದುಂಡಗೆ, ಅಲುಗಿಯೂ ಅಲುಗದ ಹಾಗೆ ನಿಂತಿದೆ, ಮೇಲೆ ಕಿತ್ತಳೆ ಬಣ್ಣದ ಬೆಂಡು ಬರೀ ಗಾಳಿಯಲ್ಲಿ ತೂಗಿಬಿಟ್ಟಂತಿದೆ, ನಡುವೆ ಆಳೆತ್ತರ ನೀರಿದೆ ಎಂದರೆ ಕಣ್ಣು ನಂಬುವುದಿಲ್ಲ — ಇಂಥ ತಿಳಿನೀರನ್ನು ಸೋಮನಾಥ ಚಿಕ್ಕಂದಿನಲ್ಲಿ ಕಂಡವನೇ ಅಲ್ಲ, ರೋಣದ ಕಡೆಯ ಹಳ್ಳದಲ್ಲಿ ನೀರೆಂದರೆ ಹಾಲು ಹಾಕಿದ ಚಹಾದ ಬಣ್ಣ, ಮೊಣಕೈವರೆಗೆ ಇಳಿಸಿದರೆ ಬೆರಳು ಕಾಣುತ್ತಿರಲಿಲ್ಲ, ಒಳಗೆ ಏನಿದೆಯೋ ಎಂಬ ಅಂಜಿಕೆಗೇ ಹುಡುಗರು ಕಾಲು ಎತ್ತೆತ್ತಿ ಈಜುತ್ತಿದ್ದರು, ಇಲ್ಲಿ ಒಳಗಿರುವುದೆಲ್ಲ ಕಾಣುತ್ತದೆ, ಮೀನಿನ ಮೈಮೇಲಿನ ಒಂದೊಂದು ಪಟ್ಟೆಯೂ, ಅದು ಬಾಯಿ ತೆರೆದು ಮುಚ್ಚುವುದೂ, ಯಾವತ್ತೋ ಯಾರೋ ಕಳೆದುಕೊಂಡ ಚಮಚವೂ. ನಾವು ಮೀನನ್ನು ನೋಡಿದ ಹಾಗೆ ಮೀನೂ ನಮ್ಮನ್ನು ನೋಡ್ತದೆ ಮಾರಾಯ, ಅಲ್ಲಾಡಬೇಡ, ಕಲ್ಲಿನ ಹಾಗೆ ಕೂತ್ಕೋ, ಎಂದು ಪಕ್ಕದ ಬಂಡೆಯಿಂದ ವಾಲ್ಟರ್ ಪಿಸುಗುಟ್ಟುತ್ತಾರೆ, ಕಿನ್ನಿಗೋಳಿಯ ವಾಲ್ಟರ್, ಕೊಲ್ಲಿನಾಡಿನ ಸೊಹಾರಿನ ಕಾರ್ಖಾನೆಯಲ್ಲಿ ಎಲ್ಲರಿಗಿಂತ ಹಳಬರು, ಚಳಿಗಾಲ ಬಂತೆಂದರೆ ಶುಕ್ರವಾರಗಳಂದು ಯಾರಾದರೂ ನಾಲ್ಕು ಜನರನ್ನು ಹೊರಡಿಸಿಕೊಂಡು ಬೆಟ್ಟದೊಳಗಿನ ಈ ವಾದಿಗೆ, ಮಳೆನೀರಿನ ಕಣಿವೆಗೆ, ಬರುವುದು ಅವರ ಚಟ, ಬಿದಿರಿನಂಥ ಉದ್ದುದ್ದ ಗಾಳದ ಕೋಲುಗಳು ಅವರವೇ, ಬ್ರೆಡ್ಡಿನ ಹಿಟ್ಟಿಗೆ ಚಿಟಿಕೆ ಇಂಗು ಬೆರೆಸಿ ನಾದುವ ವಿದ್ಯೆಯೂ ಅವರದೇ, ಹಿಡಿದ ಮೀನನ್ನು ಕೊಂದರೆ ಅವರಿಗೆ ಸಿಟ್ಟು, ಹಿಡಿಯುವುದು, ಕೈಯಲ್ಲಿ ಒಂದು ಗಳಿಗೆ ನೋಡುವುದು, ವಾಪಸು ಬಿಡುವುದು, ಅಷ್ಟೇ ಆಟ. ಆಚೆ ದಡದಲ್ಲಿ ಸೋಮನಾಥನ ಪಾಳಿಯ ಕಿರಿಯ ಚಂದನ್ ಒಂದರ ಮೇಲೊಂದು ಹಿಡಿಯುತ್ತಿದ್ದಾನೆ, ಪ್ರತಿಸಲವೂ ಹೆಂಡತಿ ದೀಕ್ಷಿತಾಳ ಕಡೆ ತಿರುಗಿ ಎತ್ತಿ ತೋರಿಸುತ್ತಾನೆ, ಅವಳು ಓದುತ್ತಿದ್ದ ಪುಸ್ತಕದಿಂದ ತಲೆಯೆತ್ತಿ ಹೆಬ್ಬೆರಳು ಎತ್ತುತ್ತಾಳೆ, ಮೇಲೆ ಬೋಳು ಬೆಟ್ಟ, ಕೆಳಗೆ ಖರ್ಜೂರದ ತೋಪು, ಎಲ್ಲೋ ಮೇಕೆಯ ಕೊರಳ ಗಂಟೆ, ಇಂಥ ದಿನ ವರ್ಷಕ್ಕೊಮ್ಮೆ ಸಿಕ್ಕರೂ ಸಾಕು, ಕಂಟ್ರೋಲ್ ರೂಮಿನ ಅಲಾರಮ್ಮುಗಳ ಕೀರಲು ದನಿ ಕಿವಿಯಿಂದ ತೊಳೆದುಹೋಗುತ್ತದೆ, ತೊಳೆದುಹೋಗಬೇಕು, ಅದಕ್ಕೆಂದೇ ಬಂದದ್ದು.

ಖುಷೀನ ನೋಡ್ಕೋರಿ, ನಾ ಮ್ಯಾಲೆ ಹೋಗಿ ಡಬ್ಬಿ ಬಿಚ್ಚತೀನಿ, ಎಂದು ಹೇಳಿ ಹೆಂಡತಿ ಐಶ್ವರ್ಯಾ ತೋಪಿನ ನೆರಳಿಗೆ ಹತ್ತಿಹೋದಳು, ಹೋಗುವ ಮುಂಚೆ ಎರಡು ಸಲ ಹೇಳಿದಳು, ಅಕಿ ಪಾದ ಮುಳುಗೋ ನೀರಾಗಷ್ಟ ಆಡ್ಲಿ, ಆ ಹಸಿರು ನೀರು ಕಾಣತೈತಲ್ಲ, ಅದರ ಆಚಿ ಆಳ ಐತಿ, ಕಣ್ಣ ತಗೀಬ್ಯಾಡ್ರಿ ಆತಾ — ಆತು, ಆತು, ನಾ ಏನ್ ಎಲ್ಲೆ ಹೊಕ್ಕೀನಿ, ಎಂದ ಸೋಮನಾಥ. ಮಗಳು ಖುಷಿ ಕಾಗದದ ಲೋಟದಲ್ಲಿ ಮರಿಮೀನು ತುಂಬುತ್ತಿದ್ದಾಳೆ, ಕಡ್ಡಿಯಷ್ಟು ಸಣ್ಣವು, ಅವಳ ಕಾಲಬೆರಳಿಗೇ ಬಂದು ಮುತ್ತಿಕ್ಕುತ್ತವೆ, ಅವಳು ಕಿಲಕಿಲ ನಗುತ್ತಾಳೆ, ಬಾಗುತ್ತಾಳೆ, ಏಳುತ್ತಾಳೆ, ಅವನ ಒಂದು ಕಣ್ಣು ಅಲ್ಲಿ, ಒಂದು ಕಣ್ಣು ಬೆಂಡಿನ ಮೇಲೆ, ಈಗ ಒಂದು ದೊಡ್ಡದು ಬಂದು ಹಿಟ್ಟಿನ ಮುಂದೆ ನಿಂತಿದೆ, ರೆಕ್ಕೆ ಮಾತ್ರ ಆಡಿಸುತ್ತಾ, ತಿನ್ನಲೋ ಬೇಡವೋ ಎಂದು, ಬಾ, ಬಾರಪ್ಪಾ, ಮತ್ತೆ ಆ ವಾಸನೆ, ಎಲ್ಲಿಂದ, ಇಲ್ಲಿ ಯಾರು ಬೆಲ್ಲ ಕಾಯಿಸುತ್ತಾರೆ, ಸುಟ್ಟ ಬೆಲ್ಲದ ವಾಸನೆ, ತಳ ಹಿಡಿದ ಪಾಕದ ವಾಸನೆ, ಹೊಟ್ಟೆಯೊಳಗಿಂದ ಏನೋ ತೇಲಿ ಎದೆಗೆ ಬರುತ್ತಿದೆ, ಲಿಫ್ಟು ದಿಢೀರೆಂದು ಇಳಿದ ಹಾಗೆ — ಇಲ್ಲ, ಇದು ಅದೇ, ಬಚ್ಚಲಲ್ಲಿ ಗಡ್ಡ ಹೆರೆಯುವಾಗ ಬಂದದ್ದು, ಕಣ್ಣು ಬಿಟ್ಟು ನೋಡಿದರೆ ಬೇಸಿನ್ನು ತುಂಬಿ ನೀರು ನೆಲಕ್ಕೆ ಹರಿದು ಬಾಗಿಲ ಕೆಳಗಿಂದ ಹೊರಗೆ ಹೋಗಿತ್ತು, ಕೂದ್ಲ ಏನಾರ ಸಿಕ್ಕೊಂಡಾವು ನೋಡ್ರಿ ಪೈಪಿನ್ಯಾಗ ಎಂದಿದ್ದಳು ಐಶ್ವರ್ಯಾ, ಕಂಟ್ರೋಲ್ ರೂಮಿನಲ್ಲಿ ಬಂದದ್ದು, ಕೈಯಲ್ಲಿದ್ದ ಚಹಾ ಕೀಬೋರ್ಡಿನ ಮೇಲೆ, ಚಂದನ್ ತೋಳು ಹಿಡಿದು ಅಲ್ಲಾಡಿಸುತ್ತಾ ಸಾರ್, ಸಾರ್, ಎಂತ ಆಯ್ತು ಸಾರ್ ಎಂದದ್ದು, ಏನಿಲ್ಲೋ, ಏನೋ ಯೋಚ್ನಿ ಮಾಡಾಕತ್ತಿದ್ದೆ ಎಂದು ತಾನು ನಕ್ಕದ್ದು, ಅದೇ ಬೆಲ್ಲ, ಅದೇ ಲಿಫ್ಟು, ಅದು ಮತ್ತೆ ಬರುತ್ತಿದೆ, ಈಗ ಬರಬಾರದು, ಈಗಲ್ಲ, ಮಗಳು ನೀರಿನಲ್ಲಿದ್ದಾಳೆ, ಕರೆಯಬೇಕು, ಖುಷಿ ಎಂದು ಕೂಗಬೇಕು, ಎರಡೇ ಅಕ್ಷರ, ವಾಲ್ಟರ್ ಎಂದಾದರೂ, ನಾಲಿಗೆ ಎಲ್ಲಿ, ಬೆಂಡು ಅಲುಗಿತು, ಖು —

ತೊಡೆಯ ಮೇಲೆ ತಣ್ಣಗಿದೆ. ಯಾಕೆ ತಣ್ಣಗಿದೆ. ಪ್ಯಾಂಟು ಒದ್ದೆ, ನೀರಿನ ಬಾಟಲಿ ಉರುಳಿದೆ, ಮುಷ್ಟಿಯಲ್ಲಿ ಬ್ರೆಡ್ಡಿನ ಹಿಟ್ಟು ಹಿಂಡಿ ಬೆರಳ ಸಂದಿಗಳಿಂದ ಹೊರಬಂದಿದೆ, ಬಾಯಲ್ಲಿ ಜೊಲ್ಲು, ಬೆಂಡು ಎಲ್ಲಿ, ಕೋಲು ಎಲ್ಲಿ, ಕೋಲು ಅಗೋ ಮಡುವಿನ ನಡುವೆ ತಾನೇ ತಾನಾಗಿ ಈಜಿಹೋಗುತ್ತಿದೆ, ಮೀನು ಎಳೆಯುತ್ತಿದೆ, ನಿಲ್ಲುತ್ತಿದೆ, ಎಳೆಯುತ್ತಿದೆ, ಇದನ್ನು ನೋಡಿ ನಗಬೇಕು ಎಂದು ಎಲ್ಲಿಂದಲೋ ಒಂದು ಯೋಚನೆ ಬಂತು, ನಿಧಾನವಾಗಿ, ಎಮ್ಮೆಯ ಹಾಗೆ, ಅದರ ಹಿಂದೆ ಇನ್ನೊಂದು ಬಂತು, ಯಾವುದೋ ಒಂದನ್ನು ನೋಡಿಕೊಳ್ಳಬೇಕಿತ್ತಲ್ಲ, ಏನನ್ನು, ಯಾರೋ ಹೇಳಿಹೋಗಿದ್ದರಲ್ಲ, ಮುಂದೆ ಬಿಳಿ ಚಪ್ಪಟೆ ಬಂಡೆಯ ಮೇಲೆ ಕಾಗದದ ಲೋಟ ನಿಂತಿದೆ, ಒಳಗೆ ಕಡ್ಡಿಯಂಥ ಮೀನು ಗಿರಗಿರ ತಿರುಗುತ್ತಿದೆ, ಲೋಟದ ಪಕ್ಕ ಎರಡು ಪುಟ್ಟ ಒದ್ದೆ ಹೆಜ್ಜೆ, ಜೋಡಿಯಾಗಿ, ಹಿಮ್ಮಡಿ, ಪಾದ, ಹತ್ತು ಬೆರಳಿನ ಹತ್ತು ಚುಕ್ಕೆ, ಅಂಚಿನಿಂದ ಆಗಲೇ ಒಣಗುತ್ತಿವೆ — ಖುಷಿ. ಎದ್ದ, ಕಾಲು ಮರಗಟ್ಟಿ ಕುಸಿದ, ಮತ್ತೆ ಎದ್ದ, ಪಾದ ಮುಳುಗುವ ನೀರಿನಲ್ಲಿ ಯಾರೂ ಇಲ್ಲ, ಹಸಿರಿನ ಆಚೆ ಆಳದಲ್ಲಿ ತಳದವರೆಗೆ ಕಾಣುತ್ತದೆ, ಯಾರೂ ಇಲ್ಲ, ಒಂದೊಂದು ಕಲ್ಲೂ ಕಾಣುತ್ತದೆ, ಕಲ್ಲಿಗೆ ಹತ್ತಿದ ಪಾಚಿಯ ಎಳೆ ಕಾಣುತ್ತದೆ, ಆ ಚಮಚ ಕಾಣುತ್ತದೆ, ಮಗಳು ಮಾತ್ರ ಕಾಣುವುದಿಲ್ಲ, ಹಳದಿ ಫ್ರಾಕು, ಇಷ್ಟು ತಿಳಿನೀರಿನಲ್ಲಿ ಹಳದಿ ಫ್ರಾಕು ಕಾಣದೆ ಇರುತ್ತದೆಯೇ, ಕೂಗುತ್ತಿದ್ದೇನೆ ಎಂದುಕೊಂಡ, ಗಂಟಲಿನಿಂದ ಬಂದದ್ದು ಬರೀ ಗಾಳಿ, ಎಷ್ಟು ಹೊತ್ತಾಯಿತು, ಅದು ಗೊತ್ತಾಗಬೇಕು ಮೊದಲು, ಆಗ ನೆರಳು ಎಲ್ಲಿತ್ತು, ಈಗ ಎಲ್ಲಿದೆ, ವಾಲ್ಟರ್ ತಮ್ಮ ಬಂಡೆಯ ಮೇಲಿಲ್ಲ, ಚಂದನ್ ಆಚೆ ಬೆನ್ನು ತಿರುಗಿಸಿ ಗಾಳಕ್ಕೆ ಹಿಟ್ಟು ಚುಚ್ಚುತ್ತಿದ್ದಾನೆ, ಲೋಕ ತನ್ನ ಪಾಡಿಗೆ ತಾನು ನಡೆದಿದೆ, ಅವನೊಬ್ಬನನ್ನು ಬಿಟ್ಟು. ಅಷ್ಟರಲ್ಲಿ ಕೆಳಗಿನ ದೊಡ್ಡ ಬಂಡೆಯ ಮರೆಯಿಂದ ದೀಕ್ಷಿತಾಳ ಕಿರುಚು, ಐಶ್ವರ್ಯಕ್ಕಾ, ಐಶ್ವರ್ಯಕ್ಕಾ — ಎದೆಮಟ್ಟ ನೀರಿನಿಂದ ಏರಿ ಬರುತ್ತಿದ್ದಾಳೆ, ಚೂಡಿದಾರ ತೊಟ್ಟಂತೆಯೇ, ಕಂಕುಳಲ್ಲಿ ಹಳದಿ, ಹಳದಿಯಿಂದ ಜೋತಾಡುವ ಕಾಲು, ಕಾಲಿನಿಂದ ನೀರು, ಅದು ಅಲ್ಲಾಡುತ್ತಿಲ್ಲ, ಅಲ್ಲಾಡುತ್ತಿಲ್ಲ, ಆಮೇಲೆ ಕೆಮ್ಮು, ಒಂದು ಸಣ್ಣ ಕೆಮ್ಮು, ಇನ್ನೊಂದು, ನೀರು ಕಾರಿಕೊಂಡಿತು, ಅಳು. ಕೈ ತೊಳೆಯಲಿಕ್ಕೆ ಅಂತ ಹೋದೆ ಅಕ್ಕಾ, ನೋಡಿದ್ರೆ ಮಗು ಕುತ್ತಿಗೆವರೆಗೆ ನೀರಲ್ಲಿ ಉಂಟು, ಬಂಡೆ ಹಿಡ್ಕೊಂಡಿತ್ತು, ಕೈ ಜಾರ್ತಾ ಉಂಟು, ಶಬ್ದವೇ ಮಾಡ್ಲಿಲ್ಲ ಅಕ್ಕಾ ಅದು, ಕೂಗ್ಲೇ ಇಲ್ಲ, ಎಂದು ದೀಕ್ಷಿತಾ ನಡುಗುತ್ತಾ ಹೇಳುತ್ತಿದ್ದಳು, ಐಶ್ವರ್ಯಾ ಮೇಲಿನಿಂದ ಬರಿಗಾಲಲ್ಲಿ ಓಡಿಬಂದು ಮಗಳನ್ನು ಕಸಿದುಕೊಂಡಳು, ಕೆನ್ನೆ, ಬೆನ್ನು, ಕೈ, ಕಾಲು, ಎಲ್ಲ ತಡವಿ ತಡವಿ ನೋಡಿದಳು, ನಂತರ ಅವನ ಕಡೆ ತಿರುಗಿದಳು.

ನಿದ್ದಿ ಹತ್ತಿಬಿಟ್ಟಿತ್ತ, ಎಂದ. ಬಾಯಿಂದ ಬಂದ ಮೊದಲ ಮಾತೇ ಅದು, ಯೋಚಿಸಿ ಹೇಳಿದ್ದಲ್ಲ, ಅಲ್ಲಿ ಸಿದ್ಧವಾಗಿಯೇ ಇತ್ತು ಎಂಬಂತೆ ಹೊರಗೆ ಬಂತು, ರಾತ್ರಿಪಾಳಿ ಮಾಡಿದ್ದೆ ನೋಡು, ಬಿಸಿಲಿಗೆ ಕಣ್ಣ ಮುಚ್ಚಿದಾವು, ಗೊತ್ತಾಗಲಿಲ್ಲ. ನಿದ್ದಿ, ಎಂದಳು ಐಶ್ವರ್ಯಾ, ಅಷ್ಟೇ, ನಿದ್ದಿ, ಮಗಳನ್ನು ಎದೆಗವಚಿಕೊಂಡು ತೋಪಿಗೆ ಹತ್ತಿದಳು, ಅವಳು ಬೈದಿದ್ದರೆ ಚೆನ್ನಾಗಿತ್ತು, ಅವಳ ಬೈಗುಳ ಅವನಿಗೆ ಗೊತ್ತು, ಈ ಬೆನ್ನು ಗೊತ್ತಿಲ್ಲ. ವಾಲ್ಟರ್ ಪಿಕಪ್ಪಿನಿಂದ ಮಂಜುಗಡ್ಡೆ ಪೆಟ್ಟಿಗೆ ಹೊತ್ತು ಬಂದವರು ಅರ್ಧ ಕೇಳಿಸಿಕೊಂಡು, ಆಯ್ತಲ್ಲ, ದೇವರು ದೊಡ್ಡವನು, ಎಲ್ಲರಿಗೂ ಆಗುದೇ, ನನಗೂ ಗಾಳ ಹಾಕಿ ಕೂತ್ರೆ ತೂಕಡಿಕೆ ಬರ್ತದೆ ಮಾರಾಯ, ಎಂದು ಭುಜ ತಟ್ಟಿದರು, ಆ ತಟ್ಟಿದ ಕೈ ಬೆಚ್ಚಗಿತ್ತು, ಅದರಿಂದ ಅವನಿಗೆ ಇನ್ನಷ್ಟು ಹೆದರಿಕೆಯಾಯಿತು. ಎಲ್ಲರೂ ಊಟಕ್ಕೆ ಕೂತರು, ಚಪಾತಿ, ಬದನೇಕಾಯಿ ಪಲ್ಯ, ದೀಕ್ಷಿತಾ ತಂದ ನೀರುದೋಸೆ, ಖುಷಿ ಚಂದನ್‌ನ ದೊಡ್ಡ ಟವೆಲು ಸುತ್ತಿಕೊಂಡು ಅಮ್ಮನ ತೊಡೆಯ ಮೇಲೆ, ಬಾಳೆಹಣ್ಣು ತಿನ್ನುತ್ತಾ ಅಪ್ಪನನ್ನೇ ನೋಡುತ್ತಿದ್ದಾಳೆ, ಅಪರಿಚಿತರನ್ನು ನೋಡುವ ಹಾಗೆ, ಚಂದನ್ ಒಮ್ಮೆ ತಲೆಯೆತ್ತಿದ, ಸೋಮನಾಥನ ಕಣ್ಣಿಗೆ ಅವನ ಕಣ್ಣು ಕೂಡಿತು, ಅವನೇ ಮೊದಲು ತಟ್ಟೆಗೆ ಬಗ್ಗಿದ — ಅವನಿಗೆ ಗೊತ್ತು, ಚಹಾ ಚೆಲ್ಲಿದ ದಿನ ಅವನೇ ಅಲ್ಲಿದ್ದದ್ದು, ಯೋಚನೆ ಮಾಡುವವನ ಮುಖ ಹೇಗಿರುತ್ತದೆ, ಯಾರೂ ಇಲ್ಲದ ಮುಖ ಹೇಗಿರುತ್ತದೆ, ಅವನಿಗೆ ಗೊತ್ತು, ಹೇಳಿಬಿಡುತ್ತಾನೆಯೇ, ಹೇಳಲಿ, ಹೇಳಬಾರದು, ಹೇಳಿದರೆ ಕಂಪನಿಯ ಡಾಕ್ಟರು, ಕಂಪನಿಯ ಡಾಕ್ಟರೆಂದರೆ ಮೊದಲು ಗಾಡಿಯ ಪರ್ಮಿಟ್ಟು ಹೋಗುತ್ತದೆ, ಪ್ಲಾಂಟಿನೊಳಗೆ ಒಂದು ಘಟಕದಿಂದ ಇನ್ನೊಂದಕ್ಕೆ ಗಾಡಿಯಿಲ್ಲದೆ ಯಾರು ಹೋಗುತ್ತಾರೆ, ಆಮೇಲೆ ಫಿಟ್ ಇಲ್ಲ ಎನ್ನುತ್ತಾರೆ, ಆಮೇಲೆ ಖಲಾಸ್, ಎಲ್ಲರೂ ಒಳ್ಳೆಯ ಮಾತೇ ಆಡುತ್ತಾರೆ, ಬೀಳ್ಕೊಡುಗೆಯ ಕೇಕು ತರುತ್ತಾರೆ, ಖುಷಿಯ ಶಾಲೆ, ಐಶ್ವರ್ಯಾಳ ಸಂಗೀತದ ಕ್ಲಾಸು, ಬಾಲ್ಕನಿಯ ಮಲ್ಲಿಗೆ ಕುಂಡ, ಎಲ್ಲ — ಆದರೆ ಇವೆಲ್ಲ ಯೋಚನೆಗಳ ಅಡಿಯಲ್ಲಿ, ಆ ಬಂಡೆಯ ಮೇಲೆ, ಎರಡು ಒದ್ದೆ ಹೆಜ್ಜೆ ಒಣಗುತ್ತಲೇ ಇದ್ದವು, ಅವುಗಳಲ್ಲಿ ಏನೋ ಸರಿಯಿಲ್ಲ, ಅದೇನೆಂದು ಕೈಗೆ ಸಿಗುತ್ತಿಲ್ಲ, ನೀರು ಕುಡಿದ, ನೀರು ಕುಡಿಯಲಿಕ್ಕೂ ಹೆದರಿಕೆಯಾಯಿತು.

ಬೆಟ್ಟದ ನೆರಳು ಮಡುವನ್ನು ದಾಟಿ ತೋಪಿಗೆ ಹತ್ತಿತು, ವಾಲ್ಟರ್ ಕೋಲುಗಳನ್ನು ಮಡಚಿ ಚೀಲಕ್ಕೆ ಹಾಕಿದರು, ಮಡುವಿನಲ್ಲಿ ತೇಲಿಹೋದ ಸೋಮನಾಥನ ಕೋಲನ್ನು ಚಂದನ್ ಈಜಿಹೋಗಿ ತಂದಿದ್ದ, ಅದಕ್ಕೆ ಸಿಕ್ಕ ಮೀನನ್ನು ಬಿಡಿಸಿ ನೀರಿಗೆ ಬಿಟ್ಟಿದ್ದ, ಯಲ್ಲಾ ಯಲ್ಲಾ, ಹೊರಡುವ, ಬೆಳಕಿರುವಾಗ ಘಟ್ಟ ಇಳಿಯುವ, ನಾನು ಮುಂದೆ ಹೋಗ್ತೇನೆ, ನೀನು ಹಿಂದೆ ಬಾ ಸೋಮನಾಥ, ಎಂದು ಪಿಕಪ್ಪು ಹತ್ತಿದರು. ಬೀಗದ ಕೈ ಅವನ ಅಂಗೈಯಲ್ಲಿದೆ, ಅವನದೇ ಏಳು ಸೀಟಿನ ಗಾಡಿ, ಬೆಳಿಗ್ಗೆ ಅವನೇ ಎಲ್ಲರನ್ನೂ ಕೂರಿಸಿಕೊಂಡು ಹತ್ತಿಸಿದ್ದು, ಒಂದು ಕಡೆ ಬಂಡೆ, ಒಂದು ಕಡೆ ಏನೂ ಇಲ್ಲ, ತಿರುವಿನಲ್ಲಿ ಬಾನೆಟ್ಟಿನ ಮುಂದೆ ಬರೀ ಆಕಾಶ, ಹತ್ತುವಾಗ ಹಾಡು ಹೇಳುತ್ತಾ ಹತ್ತಿದ್ದ, ಈಗ ಆ ಕೀ ಬೆವರಿಗೆ ಜಾರುತ್ತಿದೆ, ಕಬ್ಬಿಣದ ತಣುಪು — ಚಿಕ್ಕಂದಿನಲ್ಲಿ ಊರಿನ ಫಕೀರಪ್ಪ ಕಾಕಾ ಅಂಗಳದಲ್ಲಿ ಬಿದ್ದಿದ್ದ, ಕಾಲು ಕೊಡವುತ್ತಿದ್ದ, ಬಾಯಿಯ ಅಂಚಿನಲ್ಲಿ ನೊರೆ, ಸುತ್ತ ಜನ, ಕಬ್ಬಿಣ ಕೊಡ್ರಿ ಕೈಯಾಗ, ಕಬ್ಬಿಣ, ಎಂದು ಯಾರೋ ಕಿರುಚಿದರು, ನೆರೆಮನೆಯ ಮಲ್ಲಕ್ಕ ಸೊಂಟದ ಬೀಗದ ಕೈ ಗೊಂಚಲನ್ನೇ ಕಿತ್ತು ಅವನ ಮುಷ್ಟಿಯೊಳಗೆ ತುರುಕಿ ಬೆರಳು ಮಡಚಿ ಹಿಡಿದಳು, ಅವನು ಎದ್ದ ಮೇಲೆ ನಾಚಿಕೆಯಿಂದ ಯಾರ ಮುಖವನ್ನೂ ನೋಡಲಿಲ್ಲ, ಅಂಗೈ ತುಂಬ ಕೀಲಿಗಳ ಅಚ್ಚು, ಊರಿನಲ್ಲಿ ಅವನಿಗೆ ಯಾರೂ ಎತ್ತು ಹೂಡಲು ಕೊಡುತ್ತಿರಲಿಲ್ಲ, ಬಾವಿಯ ಹತ್ತಿರ ಬಿಡುತ್ತಿರಲಿಲ್ಲ, ಮದುವೆ ಆಗಲಿಲ್ಲ, ನನಗೆ ಬರುವುದು ಅದಲ್ಲ, ನಾನು ಬೀಳುವುದಿಲ್ಲ, ನೊರೆಯಿಲ್ಲ, ಬರೀ ಒಂದು ಗಳಿಗೆ, ವಾಸನೆ ಮೊದಲೇ ಬರುತ್ತದೆ, ವಾಸನೆ ಬಂದ ಕೂಡಲೇ ಬ್ರೇಕು ಒತ್ತಿದರಾಯಿತು, ಪಕ್ಕಕ್ಕೆ ನಿಲ್ಲಿಸಿದರಾಯಿತು, ಎರಡಕ್ಷರದ ಹೆಸರು ಕರೆಯಲಾಗಲಿಲ್ಲ ಬ್ರೇಕು ಒತ್ತುತ್ತೀಯಾ — ಹತ್ತಿ ಕೂತಿದ್ದ, ಬೆಲ್ಟು ಹಾಕಿದ್ದ, ಎಂಜಿನ್ನು ಶುರುವಾಗಿತ್ತು, ಹಿಂದಿನ ಸೀಟಿನಲ್ಲಿ ಬಾಗಿಲು ಮುಚ್ಚಿದ ಸದ್ದು, ಐಶ್ವರ್ಯಾ, ದೀಕ್ಷಿತಾ, ನಡುವೆ ಖುಷಿ, ಪಕ್ಕದಲ್ಲಿ ಚಂದನ್, ಎಲ್ಲ ಜೀವಗಳೂ ಅವನ ಸುತ್ತ ಬಂದು ಕೂತವು. ಆಗ ಖುಷಿ ಹೇಳಿದಳು, ಶಾಲೆಯ ಇಂಗ್ಲಿಷಿನಲ್ಲಿ, ಯಾರಿಗೂ ಅಲ್ಲದ ಹಾಗೆ, ಪಪ್ಪಾ ವಾಸ್ ನಾಟ್ ಸ್ಲೀಪಿಂಗ್. ಸುಮ್ನಿರು ಪುಟ್ಟಾ, ಎಂದಳು ಐಶ್ವರ್ಯಾ. ನೋ ಮಮ್ಮಾ, ಹಿಸ್ ಐಸ್ ವರ್ ಓಪನ್, ಐ ಸೆಡ್ ಪಪ್ಪಾ ಪಪ್ಪಾ ಸೀ ಮೈ ಫಿಶ್, ಹೀ ಲುಕ್ಡ್ ಅಟ್ ಮೀ, ಹೀ ಡಿಡ್ ಲೈಕ್ ದಿಸ್ — ಕನ್ನಡಿಯಲ್ಲಿ ಕಂಡಿತು, ಮಗಳು ಖಾಲಿ ಬಾಯಿ ಆಡಿಸುತ್ತಿದ್ದಾಳೆ, ಚಪ್ಪರಿಸುತ್ತಿದ್ದಾಳೆ, ಕಣ್ಣು ಎಲ್ಲೋ ನೆಟ್ಟು, ಮೇಕೆ ಮೆಲುಕು ಹಾಕುವ ಹಾಗೆ, ಅದು ಅವನ ಮುಖ, ಅವನು ಎಂದೂ ನೋಡದ ಅವನ ಮುಖ, ಮಗಳ ಪುಟ್ಟ ಮುಖದ ಮೇಲೆ. ಆಗ ಹೊಳೆಯಿತು, ಹೆಜ್ಜೆಗಳಲ್ಲಿ ಸರಿಯಿಲ್ಲದ್ದು ಏನೆಂದು. ಬೆರಳುಗಳು ನೀರಿನ ಕಡೆಗಿರಲಿಲ್ಲ. ಅವನ ಕಡೆಗಿದ್ದವು. ಅವಳು ನೀರಿನಿಂದ ಎದ್ದು ಬಂದಿದ್ದಳು, ಲೋಟ ಹಿಡಿದು, ಅವನ ಮುಂದೆ ನಿಂತಿದ್ದಳು, ಕಾದಿದ್ದಳು, ಅಪ್ಪ ನೋಡುತ್ತಿದ್ದಾನೆ, ಮಾತಾಡುತ್ತಿಲ್ಲ, ಅದಕ್ಕೇ ಲೋಟ ಅಲ್ಲೇ ಇಟ್ಟು ವಾಪಸು ಹೋಗಿದ್ದಳು, ಹಸಿರು ದಾಟಿ, ಯಾರೂ ಬೇಡ ಎನ್ನಲಿಲ್ಲವಲ್ಲ. ಅವನು ಎಂಜಿನ್ನು ಆರಿಸಿದ. ನಾ ಗಾಡಿ ಹೊಡ್ಯಾಂಗಿಲ್ಲ, ಎಂದ. ಮುಂದೆ ವಾಲ್ಟರ್ ಹಾರ್ನ್ ಮಾಡಿದರು. ನಿದ್ದಿ ಅಲ್ಲ ಅದು, ಎಂದ, ನನಗ ಹಿಂಗ ಆಗತೈತಿ, ನಡುವ ಸ್ವಲ್ಪ ಹೊತ್ತ ನಾ ಇರಾಂಗಿಲ್ಲ, ಬಚ್ಚಲದಾಗ ನೀರ ಹರಿದಿತ್ತಲ್ಲ, ಅವತ್ತೂ ಆಗಿತ್ತು, ಡ್ಯೂಟಿಯಾಗೂ ಆಗೇತಿ, ಚಂದನ್ ನೋಡ್ಯಾನ. ಚಂದನ್ ಸಣ್ಣ ದನಿಯಲ್ಲಿ, ಹೌದಕ್ಕಾ, ನಾನು ನೋಡಿದ್ದೆ, ಹೇಳ್ಬೇಕಿತ್ತು, ಸಾರ್ ಬೇಜಾರು ಮಾಡ್ತಾರೇನೋ ಅಂತ, ಎಂದ. ಎಷ್ಟ ದಿನದಿಂದ, ಎಂದು ಕೇಳಿದಳು ಐಶ್ವರ್ಯಾ. ದೀಪಾವಳಿಯಿಂದ. ದೀಪಾವಳಿಯಿಂದ ದಿನಾ ಅಕಿನ್ನ ಸಾಲಿಗೆ ಬಿಡಾಕತ್ತೀರಿ ನೀವು, ಎಂದಳು, ದನಿ ಏರಲಿಲ್ಲ, ದಿನಾ ಹೈವೇ ಮ್ಯಾಲೆ, ದಿನಾ ನಾ ಬಾಗಲದಾಗ ನಿಂತ ಕೈ ಮಾಡೀನಿ.

ವಾಲ್ಟರ್ ಇಳಿದು ಬಂದರು, ಕಿಟಕಿಗೆ ಬಗ್ಗಿ ಕೇಳಿಸಿಕೊಂಡರು, ಈ ಸಲ ದೇವರು ದೊಡ್ಡವನು ಎನ್ನಲಿಲ್ಲ, ಟೊಪ್ಪಿ ತೆಗೆದು ತಲೆ ಕೆರೆದುಕೊಂಡರು, ಯಾರ ಹತ್ರ ಲೈಸೆನ್ಸ್ ಉಂಟು, ಎಂದರು, ಚಂದನ್ ಊರಿನಿಂದ ಬಂದು ಇನ್ನೂ ಟೆಸ್ಟು ಕೊಟ್ಟಿಲ್ಲ, ಐಶ್ವರ್ಯಾ ಸ್ಟಿಯರಿಂಗ್ ಮುಟ್ಟಿದವಳಲ್ಲ, ಉಳಿದದ್ದು ದೀಕ್ಷಿತಾ, ಶಾಲೆಯ ಟೀಚರಾಗಿ ಗಂಡನಿಗಿಂತ ಮೊದಲೇ ಇಲ್ಲಿಗೆ ಬಂದವಳು, ಲೈಸೆನ್ಸಿಗೆ ಎಷ್ಟೋ ಸಲ ಫೇಲಾಗಿ ಇಡೀ ಸೊಹಾರಿನ ಕನ್ನಡದವರ ಬಾಯಿಗೆ ನಗೆಯಾದವಳು, ಕೊನೆಗೂ ಪಾಸಾದವಳು, ನಾನು ಘಟ್ಟದಲ್ಲಿ ಬಿಟ್ಟದ್ದೇ ಇಲ್ಲ ಅಂಕಲ್, ನಂಗೆ ಹೆದ್ರಿಕೆ ಆಗ್ತದೆ, ಎಂದಳು. ಆಗ್ಲಿ ಮಗಾ, ಹೆದರಿಕೆ ಇರುವವರೇ ಬಿಡುದು ಒಳ್ಳೆದು, ಫಸ್ಟ್ ಗೇರಲ್ಲಿ ನನ್ನ ಹಿಂದೆಯೇ ಬಾ, ಅರ್ಧ ರಾತ್ರಿ ಆದ್ರೂ ಅಡ್ಡಿಲ್ಲ, ಎಂದರು ವಾಲ್ಟರ್. ಅವಳ ಬಟ್ಟೆ ಇನ್ನೂ ಒದ್ದೆ, ಆ ಒದ್ದೆಯಲ್ಲೇ ಮುಂದೆ ಬಂದು ಕೂತಳು, ಸೀಟು ಎಳೆದುಕೊಂಡಳು, ಕನ್ನಡಿ ತಿರುಗಿಸಿಕೊಂಡಳು, ಸೋಮನಾಥ ಹಿಂದೆ ಕಿಟಕಿಯ ಪಕ್ಕ, ಗಾಡಿ ಮುಗ್ಗರಿಸಿ ಒಮ್ಮೆ ನಿಂತಿತು, ಮತ್ತೆ ಹೊರಟಿತು, ಮೊದಲ ತಿರುವು, ಬಾನೆಟ್ಟಿನ ಮುಂದೆ ಆಕಾಶ, ದೀಕ್ಷಿತಾ ದುರ್ಗಾಪರಮೇಶ್ವರೀ ದುರ್ಗಾಪರಮೇಶ್ವರೀ ಎಂದು ಬಾಯೊಳಗೇ ಅನ್ನುತ್ತಿದ್ದಾಳೆ, ಚಂದನ್ ಎರಡೂ ಕೈಯಲ್ಲಿ ಸೀಟು ಹಿಡಿದಿದ್ದಾನೆ, ಸೋಮನಾಥನಿಗೆ ಅವಳ ಡ್ರೈವಿಂಗಿನ ಹೆದರಿಕೆ ಇಲ್ಲ, ಅವನು ಬೇರೆಯದನ್ನು ಕಾಯುತ್ತಿದ್ದಾನೆ, ಮೂಗಿನಲ್ಲಿ ಬೆಲ್ಲವಿದೆಯೇ, ಇಲ್ಲ, ಬರೀ ಒದ್ದೆ ಟವೆಲಿನ ವಾಸನೆ, ಮುರಿದ ಗೋಡೆ ಬಂತು, ನೀರಿನ ಟ್ಯಾಂಕು ಬಂತು, ಒಂಟಿ ಗೊಬ್ಬಳಿ ಮರ ಬಂತು, ಎಲ್ಲ ಬೆಳಿಗ್ಗೆಯ ಕ್ರಮಕ್ಕೆ ತಿರುಗುಮುರುಗಾಗಿ ಬರುತ್ತಿವೆ, ಒಂದಾದರೂ ತಪ್ಪಿತೇ, ಮರವಾದ ಮೇಲೆ ಮಸೀದಿಯ ಬೋರ್ಡು ಬರಬೇಕಿತ್ತು, ಬಂದು ಹೋಯಿತೇ, ಯಾವಾಗ, ತಾನು ಇದ್ದೆನೇ, ಇನ್ನು ಮುಂದೆ ಹೀಗೆಯೇ, ಪ್ರತಿ ದಾರಿಯನ್ನೂ ಎಣಿಸುತ್ತಾ ಹೋಗಬೇಕು — ಅಗೋ ಬೋರ್ಡು, ಈಗ ಬಂತು, ಉಸಿರು ಬಿಟ್ಟ. ನಾಳೆ ದವಾಖಾನಿಗೆ ನಾನೂ ಬರ್ತೀನಿ, ಎಂದಳು ಐಶ್ವರ್ಯಾ, ಕಿಟಕಿಯ ಹೊರಗೆ ನೋಡುತ್ತಾ, ಏನ್ ಹೇಳತಾರೋ ಹೇಳ್ಲಿ, ನೀವು ಮುಚ್ಚಿಡೂದಂತೂ ಬ್ಯಾಡ, ನನ್ನ ಎದುರಿಗೇ ಹೇಳ್ಬೇಕ ನೀವು. ಹೂಂ, ಎಂದ. ಅವಳು ಅವನ ಕೈ ಹಿಡಿಯಲಿಲ್ಲ, ಖುಷಿಯನ್ನು ಅವನ ತೊಡೆಯ ಮೇಲೆ ಮಲಗಿಸಲೂ ಇಲ್ಲ, ನಿದ್ದೆಹೋದ ಮಗಳ ಒಂದು ಬರಿಗಾಲು ಮಾತ್ರ ಟವೆಲಿನಿಂದ ಜಾರಿ ಅವನ ಮೊಣಕಾಲಿಗೆ ತಾಗಿ ನಿಂತಿತು, ಅವಳು ಅದನ್ನು ಎಳೆದುಕೊಳ್ಳಲಿಲ್ಲ, ಅವನು ಮುಟ್ಟಲಿಲ್ಲ. ಘಟ್ಟ ಮುಗಿಯಿತು, ದೀಕ್ಷಿತಾ ಬಿಕ್ಕಿ ಬಿಕ್ಕಿ ಅತ್ತಳು, ಗಾಡಿ ನಿಲ್ಲಿಸದೆಯೇ ಅತ್ತಳು, ದೂರದಲ್ಲಿ ರಿಫೈನರಿಯ ಬೆಂಕಿಯ ನಾಲಿಗೆ, ಹೈವೇಯ ದೀಪಗಳು, ಎಲ್ಲರೂ ಬದುಕಿ ಬಂದರು, ಇದನ್ನೆಲ್ಲ ಅವನು ನೋಡಿದ, ಒಂದನ್ನೂ ಬಿಡಲಿಲ್ಲ, ನೋಡದೆ ಉಳಿದದ್ದು ಅದೊಂದೇ, ಅದನ್ನು ಇನ್ನೆಂದೂ ನೋಡಲಾಗುವುದಿಲ್ಲ, ಡಾಕ್ಟರು ತಲೆಗೆ ತಂತಿಗಳನ್ನು ಅಂಟಿಸಿ ಏನೇನು ಬರೆಸಿಕೊಂಡರೂ ಅದು ಅಲ್ಲಿ ಸಿಗುವುದಿಲ್ಲ, ಅವನ ಕಣ್ಣು ತೆರೆದಿತ್ತು, ಮಗಳು ಮುಂದೆ ನಿಂತಿದ್ದಳು, ಪಪ್ಪಾ ಎಂದಳು, ಪಪ್ಪಾ ಎಂದಳು, ಎಷ್ಟು ಹೊತ್ತು ನಿಂತಳು, ನಕ್ಕಳೇ, ಅವನ ಬಾಯಿ ನೋಡಿ ಹೆದರಿದಳೇ, ಲೋಟ ಎತ್ತಿ ಹಿಡಿದಳೇ, ಹಿಮ್ಮಡಿ ಎತ್ತಿ ಅವನ ಮುಖದ ಹತ್ತಿರ ಬಂದಳೇ, ಅಲ್ಲಿ ಏನೂ ಇಲ್ಲ, ಅಲ್ಲಿ ಬರೀ ಬಿಳಿ ಬಂಡೆ, ಬಂಡೆಯ ಮೇಲೆ ಎರಡು ಪುಟ್ಟ ಒದ್ದೆ ಹೆಜ್ಜೆ, ಬೆರಳುಗಳು ಅವನ ಕಡೆಗೆ, ಮೊದಲು ಹಿಮ್ಮಡಿ ಒಣಗುತ್ತದೆ, ಆಮೇಲೆ ಪಾದ, ಹತ್ತು ಚುಕ್ಕೆಗಳು ಉಳಿಯುತ್ತವೆ, ಅವನ ಕಡೆಗೆ, ಹತ್ತು ಚುಕ್ಕೆಗಳು